ಯಾರ ಕೈಯ ಸಾಲು ಇದು?

ಎಡಗೈಯಲ್ಲಿ ಉಡಿಯ ಅಂಚು, ಬಲಗೈಯಲ್ಲಿ ಮುಷ್ಟಿ ತುಂಬ ಬಿಳಿಜೋಳ. ಮುಂದೆ ಎತ್ತು, ಎತ್ತಿನ ಹಿಂದೆ ಕೂರಿಗೆ, ಕೂರಿಗೆಯ ಮಗ್ಗುಲಿಗೆ ಬರಿಗಾಲಲ್ಲಿ ಆಯಿ. ಮುಷ್ಟಿ ಕೂರಿಗೆಯ ಬಟ್ಟಲಿನ ಮೇಲೆ ಅಲುಗದೆ ನಿಂತಿದೆ. ಹೆಬ್ಬೆರಳು ಮಾತ್ರ ಜಪಮಣಿ ಎಣಿಸುವವರ ಹಾಗೆ ಸಣ್ಣಗೆ ಆಡುತ್ತಿದೆ. ಕಾಳು ಬೀಳುವ ಸಪ್ಪಳ ಕೇಳಬೇಕೆಂದು ನಾನೂ ಚಪ್ಪಲಿ ಕಳಚಿಟ್ಟು ಅವರ ಜೊತೆ ನಡೆದೆ. ಹೊಲದ ಈ ತುದಿಯಿಂದ ಆ ತುದಿಯವರೆಗೆ ಆ ಸಪ್ಪಳ ಒಂದು ಸಲವೂ ಏರಲಿಲ್ಲ, ಇಳಿಯಲಿಲ್ಲ. ಬದುವಿನ ಹತ್ತಿರ ಎತ್ತು ತಿರುಗಿದಾಗ ಬೆರಳು ನಿಂತಿತು. ಕೂರಿಗೆ ಮತ್ತೆ ಮಣ್ಣಿಗೆ ಇಳಿಯುತ್ತಲೇ ಕಾಳು ಮತ್ತೆ ಹರಿಯಿತು.

ಅಷ್ಟು ದೂರವೂ ಆಯಿ ತುಟಿ ಬಿಚ್ಚಿರಲಿಲ್ಲ. ತಿರುವಿನಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಬಿತ್ತೂವಾಗ ಮಾತಾಡಬಾರದ್ರಿ ಸಾಹೇಬ್ರ. ಮಾತು ಹೆಚ್ಚುಕಡಿಮಿ ಆದಂಗ ಕಾಳೂ ಹೆಚ್ಚುಕಡಿಮಿ ಆಕ್ಕಾವು."

ಉಪ್ಪಿನಬೆಟಗೇರಿಗೆ ನಾನು ಹೋದದ್ದು ಮುಯ್ಯಿಯ ಬಗ್ಗೆ ಕೇಳಿ ಬರೆಯಲು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಎತ್ತು, ಆಳು, ಕೈ ಕೊಟ್ಟು ದುಡಿದು, ತಮ್ಮ ಹೊಲದ ಕೆಲಸಕ್ಕೆ ಅದನ್ನೇ ಮರಳಿ ಪಡೆಯುವ ಪದ್ಧತಿ ಅದು. ಹೋದ ಮೇಲೆ ಈ ಮುಷ್ಟಿ ಕಣ್ಣಿಗೆ ಬಿತ್ತು. ಮುಯ್ಯಿಯ ಕತೆಯೂ ಕೊನೆಗೆ ಈ ಮುಷ್ಟಿಯೊಳಗೇ ಸಿಕ್ಕಿತು.

ಧಾರವಾಡ ತಾಲೂಕಿನ ಊರು ಇದು, ಶಹರದಿಂದ ಉತ್ತರಕ್ಕಿದೆ. ಗದುಗಿನ ಜೋಡಿ ಊರಾದ ಬೆಟಗೇರಿ ಬೇರೆ, ಕವಿ ಆನಂದಕಂದರು ಹುಟ್ಟಿದ ಗೋಕಾಕ ತಾಲೂಕಿನ ಬೆಟಗೇರಿ ಬೇರೆ; ಇದು ಉಪ್ಪಿನಬೆಟಗೇರಿ. ಊರಲ್ಲಿ ವಿರಕ್ತಮಠವಿದೆ, ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಎರಿಭೂಮಿ. ರಾಷ್ಟ್ರಧ್ವಜದ ಖಾದಿ ನೇಯುವ ಗರಗ ಇದೇ ತಾಲೂಕಿನದು. ಮುಂಗಾರಿಗೆ ಹೆಸರು, ಶೇಂಗಾ, ಈಚೆಗೆ ಸೋಯಾ, ಗೋವಿನಜೋಳ. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ, ಕುಸುಬೆ. ಎರಿಭೂಮಿಯ ಗುಣ ಬಲ್ಲವರಿಗೆ ಹೊಸದಾಗಿ ಹೇಳಬೇಕಾದದ್ದೇನಿಲ್ಲ. ಮಳೆ ಹೆಚ್ಚಾದರೆ ಕೂರಿಗೆಯ ತಾಳಿಗೆ ಮಣ್ಣು ಮೆತ್ತಿ ಎತ್ತು ಹೆಜ್ಜೆ ಕೀಳಲಾರವು, ನಾಲ್ಕು ದಿನ ತಡವಾದರೆ ಮೇಲಿನ ಹದ ಆರಿ ಕಾಳು ಮೊಳೆಯದು. ಈ ಎರಡರ ನಡುವೆ ಸಿಗುವ ಕೆಲವೇ ದಿನಗಳಲ್ಲಿ ಇಡೀ ಊರು ಬಿತ್ತಿ ಮುಗಿಸಬೇಕು. ಮುಯ್ಯಿ ಹುಟ್ಟಿದ್ದು ಈ ಅವಸರದಲ್ಲೇ ಎಂದು ನನಗೆ ಅನಿಸಿತು.

ಲೆಕ್ಕ ಹಾಕಿ ನೋಡಿ. ಕೂರಿಗೆಗೆ ಒಂದು ಜೋಡಿ ಎತ್ತು, ಅದನ್ನು ಹೊಡೆಯುವವನೊಬ್ಬ, ಕಾಳು ಬಿಡುವವಳೊಬ್ಬಳು. ಬಿತ್ತಿದ ಸಾಲನ್ನು ಮುಚ್ಚುತ್ತ ಹಿಂದೆ ಬರುವ ಕುಂಟೆಗೆ ಇನ್ನೊಂದು ಜೋಡಿ ಎತ್ತು, ಇನ್ನೊಬ್ಬ ಆಳು. ಅಂದರೆ ನಾಲ್ಕು ಎತ್ತು, ಮೂವರು ಮನುಷ್ಯರು. ನಾಲ್ಕೆಕರೆಯ ಒಕ್ಕಲಿಗನ ಮನೆಯಲ್ಲಿ ಇದ್ದದ್ದು ಒಂದು ಜೋಡಿ. ಎಷ್ಟೋ ಮನೆಗಳಲ್ಲಿ ಒಂದೇ ಎತ್ತು. ಒಂಟಿ ಎತ್ತಿನವರು ಇಬ್ಬರು ಕೂಡಿ ಜೋಡಿ ಮಾಡಿಕೊಂಡರು, ಜೋಡಿ ಇದ್ದವರು ಇಬ್ಬರು ಕೂಡಿ ಕೂರಿಗೆ–ಕುಂಟೆ ಎರಡನ್ನೂ ನಡೆಸಿದರು. ಕರಿಕೆ ಕೀಳಲು ದೊಡ್ಡ ನೇಗಿಲು ಹೂಡುವಾಗಲಂತೂ ಮೂರು ನಾಲ್ಕು ಜೋಡಿ ಬೇಕು. ಅಷ್ಟು ಎತ್ತುಗಳನ್ನು ಒಬ್ಬನೇ ಕಟ್ಟಿಕೊಂಡ ಮನೆ ಊರಿಗೆ ಒಂದೋ ಎರಡೋ. ಉಳಿದವರಿಗೆ ಓಣಿಯೇ ಕೊಟ್ಟಿಗೆ.

ಮುಯ್ಯಿ ಎಂಬ ಮಾತು ಪುಸ್ತಕದ ಕನ್ನಡದಲ್ಲಿ ಸೇಡಿಗೂ ಬಳಕೆಯಾಗುತ್ತದೆ. ಮುಯ್ಯಿಗೆ ಮುಯ್ಯಿ ಎಂದರೆ ಹೊಡೆದವನಿಗೆ ತಿರುಗಿ ಹೊಡೆಯುವುದು. ಹೊಲದಲ್ಲಿ ಅದೇ ಮಾತಿಗೆ ಇರುವ ಅರ್ಥ ನನ್ನ ಪಾಲಿಗೆ ದೊಡ್ಡದು. ಕೊಟ್ಟವನು ಬರೆದಿಡುವುದಿಲ್ಲ, ಪಡೆದವನು ಮರೆಯುವುದಿಲ್ಲ. ಎರಡು ದಿನ ದುಡಿದದ್ದಕ್ಕೆ ಎರಡೇ ದಿನ ಎಂದು ಗೆರೆ ಎಳೆಯುವವರೂ ಇದ್ದರು, ಇಲ್ಲವೆಂದಲ್ಲ. ಆದರೆ ಬಸುರಿ ಇರುವ ಮನೆ, ಮುದುಕರೇ ಉಳಿದ ಮನೆ, ಗಂಡಸು ತೀರಿಹೋದ ಮನೆ, ಇವರ ಹೊಲ ಮೊದಲು ಬಿತ್ತಿ ಮುಗಿಸಿ ತಮ್ಮ ಹೊಲಕ್ಕೆ ಹೋಗುವ ರೂಢಿ ಇತ್ತು. ಅಲ್ಲಿ ಎರಡಕ್ಕೆ ಎರಡು ಎಂಬ ಲೆಕ್ಕ ಇರಲಿಲ್ಲ.

ಕೂರಿಗೆಯ ಚರಿತ್ರೆಯನ್ನು ನನಗೆ ಹೇಳಿದ್ದು ಊರಿನ ಹಿರಿಯ ಬಡಿಗೇರರು. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದರು. ಇದು ದಿಂಡು, ಜಾಲಿಯ ಗಟ್ಟಿ ಕೊರಡು. ದಿಂಡಿಗೆ ಕೆಳಗೆ ಮೂರು ತಾಳು, ತಾಳಿನ ತುದಿಗೆ ಕಂಬಾರ ಬಡಿದುಕೊಟ್ಟ ಕುಡ. ಮುಂದಕ್ಕೆ ನೊಗದವರೆಗೆ ಈಸು. ಮೇಲೆ ಮರದಲ್ಲಿ ಕೊರೆದ ಬಟ್ಟಲು, ಬಟ್ಟಲಿನ ತಳದಲ್ಲಿ ಮೂರು ತೂತು, ಒಂದೊಂದು ತೂತಿಗೆ ಒಂದೊಂದು ಬಿದಿರಿನ ಕೊಳವೆ, ಕೊಳವೆಯ ತುದಿ ತಾಳಿನ ಬೆನ್ನಿಗೆ. "ತಾಳು ಅಳತಿ ತಪ್ಪಿದ್ರ ವರ್ಷಪೂರ್ತಿ ಎಡಿ ಹೊಡಿಯಾಕ ಬರೂದಿಲ್ರಿ. ನಾವು ತಪ್ಪು ಮಾಡಿದ್ರ ಹೊಲದಾಗ ಸುಗ್ಗಿ ತನಕ ಕಾಣತೈತಿ," ಎಂದರು. ತಾಳಿನ ನಡುವಿನ ಅಂತರಕ್ಕೆ ಸರಿಯಾಗಿ ಎಡೆಕುಂಟೆ ಇರಬೇಕು, ಇಲ್ಲದಿದ್ದರೆ ಕಳೆಯ ಜೊತೆ ಬೆಳೆಯೂ ಹೋಗುತ್ತದೆ.

ಅವರ ಅಜ್ಜನ ಕಾಲದಲ್ಲಿ ಈ ಕೆಲಸಕ್ಕೆ ರೊಕ್ಕ ಕೊಟ್ಟವರಿಲ್ಲ. ವರ್ಷವಿಡೀ ರಂಟೆ, ಕುಂಟೆ, ಕೂರಿಗೆ ಮಾಡಿ, ಮುರಿದದ್ದನ್ನು ರಿಪೇರಿ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ತರುತ್ತಿದ್ದರು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, "ಲಾಭ" ಅನ್ನುತ್ತಾರೆ. ಹಾಗೆ ಲಾಭದಿಂದ ಎಣಿಕೆ ಶುರುವಾದ ರಾಶಿಯಲ್ಲಿ ಬಡಿಗೇರ, ಕಂಬಾರ, ಕುಂಬಾರ, ಅಗಸ, ಹಡಪದ ಎಲ್ಲರ ಪಾಲು ತೆಗೆದಿಟ್ಟೇ ಮನೆಗೆ ಚೀಲ ಹೊರುತ್ತಿದ್ದರು. ಆ ಪದ್ಧತಿಯಲ್ಲಿ ಮೇಲು–ಕೀಳಿನ ನೋವೂ ಇತ್ತು ಎಂಬುದನ್ನು ಬಡಿಗೇರರು ಮುಚ್ಚಿಡಲಿಲ್ಲ. ಕೆಲವರು ಕಣದ ಅಂಚಿನಲ್ಲಿ ನಿಂತೇ ಪಡೆಯಬೇಕಿತ್ತು ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ನಾನು ಮುಯ್ಯಿಯನ್ನು ಹೆಚ್ಚು ನೆಚ್ಚಿಕೊಳ್ಳುವುದು ಇದಕ್ಕೇ. ಅಲ್ಲಿ ಕೊಡುವವರೂ ಪಡೆಯುವವರೂ ಒಂದೇ ಸಾಲಿನಲ್ಲಿ ನಡೆಯುತ್ತಾರೆ.

ಬಡಿಗೇರರ ಅಜ್ಜನಿಗಿಂತ ಹಿಂದಿನದು ಬರೆದಿಟ್ಟವರಿಂದ ಗೊತ್ತಾಗುತ್ತದೆ. 1790ರ ದಶಕದಲ್ಲಿ ಹಾಲ್ಕಾಟ್ ಎಂಬ ಇಂಗ್ಲಿಷ್ ಸೇನಾಧಿಕಾರಿ ದಕ್ಷಿಣದ ಹೊಲಗಳಲ್ಲಿ ಕೂರಿಗೆ ನೋಡಿ ಬೆರಗಾಗಿ ತನ್ನ ದೇಶಕ್ಕೆ ಬರೆದು ಕಳಿಸಿದ. ಬೀಜವನ್ನು ಸಾಲಾಗಿ ಬಿತ್ತುವ ಉಪಕರಣ ಯುರೋಪಿನ ಹೊಸ ಶೋಧ ಎಂದೇ ಅಲ್ಲಿಯವರೆಗೆ ಅವನು ನಂಬಿದ್ದ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಕೂರಿಗೆಯನ್ನು ಹೆಸರು ಹಿಡಿದೇ ವರ್ಣಿಸಿದ್ದಾನೆ. ಮುಂಬಯಿ ಸರಕಾರ 1884ರಲ್ಲಿ ಹೊರತಂದ ಧಾರವಾಡ ಗೆಝೆಟಿಯರಿನಲ್ಲಿ ಈ ನಾಡಿನ ಒಕ್ಕಲುತನದ ಸಲಕರಣೆಗಳ ವಿವರವಿದೆ. ಬೀಜಕ್ಕೂ ದಾಖಲೆ ಇದೆ. ಆಯಿಯ ಉಡಿಯಲ್ಲಿದ್ದ ಮಾಲದಂಡಿ ಜೋಳಕ್ಕೆ ಎಂ 35–1 ಎಂಬ ಸಂಖ್ಯೆ ಕೊಟ್ಟದ್ದು ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರ. ಧಾರವಾಡದಲ್ಲಿ 1947ರಿಂದ ಕೃಷಿ ಕಾಲೇಜು, 1986ರಿಂದ ಕೃಷಿ ವಿಶ್ವವಿದ್ಯಾಲಯ ಇವೆ. ವರಲಕ್ಷ್ಮಿ ಹತ್ತಿ ಬಂದದ್ದು ಧಾರವಾಡದಿಂದಲೇ, 1972ರಲ್ಲಿ, ಡಾ. ಕಟರ್ಕಿಯವರ ಕೈಯಿಂದ. ಉಪಕರಣದ ಹೆಸರಿದೆ, ಬೀಜದ ಸಂಖ್ಯೆ ಇದೆ. ಬೀಜ ಬಿಟ್ಟ ಕೈಯನ್ನು ಮಾತ್ರ ನಾವು ಕೂಲಿಯ ಲೆಕ್ಕದಲ್ಲಿ ಬರೆದು ಮುಗಿಸಿದ್ದೇವೆ.

ಆ ಕೈ ಮಾಡುವ ಕೆಲಸ ಎಷ್ಟೆಂದು ತಿಳಿಯಲು ನಾನು ಮನೆಗೆ ಬಂದ ಮೇಲೆ ಕಾಗದ ಹಿಡಿದು ಕೂತೆ. ಹಿಂಗಾರಿ ಜೋಳಕ್ಕೆ ಎಕರೆಗೆ ಸುಮಾರು 3 ಕಿಲೋ ಬೀಜ. ಮಾಲದಂಡಿಯ ಸಾವಿರ ಕಾಳು ತೂಗಿದರೆ 30–35 ಗ್ರಾಂ. ಅಂದರೆ ಒಂದು ಎಕರೆಗೆ ಹತ್ತಿರ ಹತ್ತಿರ 90 ಸಾವಿರ ಕಾಳು ಆ ಒಂದು ಮುಷ್ಟಿಯಿಂದ ಇಳಿಯಬೇಕು. ಸಾಲಿನ ಅಂತರ 18 ಅಂಗುಲ ಹಿಡಿದರೆ, ಮೂರು ತಾಳಿನ ಕೂರಿಗೆಯ ಹಿಂದೆ ಎಕರೆಗೆ 3 ಕಿಲೋಮೀಟರ್ ನಡಿಗೆ. ಒಂದು ಹೆಜ್ಜೆಗೆ ಇಪ್ಪತ್ತು ಕಾಳಿನ ಆಸುಪಾಸು. ಬಟ್ಟಲಿನ ಒಂದೊಂದು ತೂತಿಗೆ ಆರೋ ಏಳೋ. ಮೂರೂ ತೂತಿಗೆ ಸಮನಾಗಿ. ನಾಲ್ಕೆಕರೆಯ ದಿನವಾದರೆ 12 ಕಿಲೋಮೀಟರ್, ಹೆಂಟೆಯ ಮೇಲೆ, ಬರಿಗಾಲಲ್ಲಿ, ಬಾಯಿ ಬಿಡದೆ.

ಆಯಿ ಈ ಊರಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತೆರಡರ ಬರದ ಮರುವರ್ಷ. ತವರಿನಲ್ಲಿ ಬಿತ್ತಿ ಗೊತ್ತಿರಲಿಲ್ಲ. ಕಲಿಸಿದವರು ಅತ್ತೆ. ಹೊಲಕ್ಕೆ ಕರೆದೊಯ್ಯಲಿಲ್ಲ. ಅಂಗಳದಲ್ಲಿ ಹಿತ್ತಾಳೆಯ ತಾಟು ಬೋರಲು ಹಾಕಿ, ಅದರ ಮೇಲೆ ಮುಷ್ಟಿಯಿಂದ ಜೋಳ ಬಿಡು ಎಂದರು. ತಾವು ಒಳಗೆ ರೊಟ್ಟಿ ಬಡಿಯುತ್ತ ಕೂತರು. ಒಳಗಿನಿಂದಲೇ ಸಪ್ಪಳ ಕೇಳಿ, "ಈಗ ಎರಡು ಕಾಳ ಹೆಚ್ಚು ಬಿದ್ವು," "ಈಗ ನಿಂತ ಹೋತು" ಅನ್ನುತ್ತಿದ್ದರು. ರೊಟ್ಟಿಯ ಸಪ್ಪಳದ ನಡುವೆ ಕಾಳಿನ ಸಪ್ಪಳ ಹೇಗೆ ಕೇಳುತ್ತಿತ್ತೋ! "ಸಣ್ಣ ಮಳಿ ಹನಿ ತಗಡಿನ ಮ್ಯಾಲೆ ಬಿದ್ದಂಗ ಒಂದ ಸಮ ಬರಬೇಕು ಅಂತಿದ್ಲು. ಒಂದು ತಿಂಗಳ ತಾಟ ಬಾರಿಸಿದೆ. ಓಣಿ ಮಂದಿ ಎಲ್ಲಾ, ಇವರ ಮನ್ಯಾಗ ದಿನಾ ಮಳಿ ಆಕ್ಕೈತಿ ಅಂತ ನಗತಿದ್ರು," ಎಂದು ಆಯಿ ತಾವೂ ನಕ್ಕರು.

ಜೋಳಕ್ಕೊಂದು ಹಿಡಿತ, ಕಡಲೆಗೊಂದು, ಕುಸುಬೆಗೊಂದು. ಕಡಲೆ ದಪ್ಪ, ಬೆರಳ ಸಂದಿ ಅಗಲ ಬೇಕು. ಕುಸುಬೆಯ ಕಾಳು ನುಣುಪು, ಹಿಡಿತ ಸಡಿಲಾದರೆ ಸುರಿದೇ ಬಿಡುತ್ತದೆ. ಅಕ್ಕಡಿ ಸಾಲು ಹಾಕುವಾಗ ಎಷ್ಟು ಸಾಲಿಗೊಮ್ಮೆ ಕಾಳು ಬದಲಿಸಬೇಕೆಂಬುದು ನೆನಪಿರಬೇಕು. ಹೊಲದ ಅಂಚಿಗೆ ಮುಳ್ಳಿನ ಕುಸುಬೆ ಬಿತ್ತಿದರೆ ದನ ಒಳಗೆ ಬರುವುದಿಲ್ಲ. ಇದನ್ನೆಲ್ಲ ಅವರು ಹೇಳಿದ್ದು ಬುತ್ತಿ ಬಿಚ್ಚಿ ಕೂತ ಮೇಲೆ. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಬುತ್ತಿ ಬಿಚ್ಚುವ ತನಕ ನಾನು "ಸಾಹೇಬ್ರ" ಆಗಿದ್ದೆ, ಎರಡನೆಯ ರೊಟ್ಟಿಗೆ "ತಮ್ಮಾ" ಆದೆ.

ಮುಯ್ಯಿಯ ಕತೆ ಬಂದದ್ದು ಆಗಲೇ. ಅವರೇ ಹೇಳಲಿ ಎಂದು ನಾನು ಮಧ್ಯೆ ಹೆಚ್ಚು ಬಾಯಿ ಹಾಕಲಿಲ್ಲ.

ಮೂವತ್ತು ವರ್ಷದ ಮೇಲಾಯಿತು. ಆಯಿಯ ಗಂಡನಿಗೆ ಆರಾಮಿಲ್ಲದೆ ಧಾರವಾಡದ ದವಾಖಾನೆಯಲ್ಲಿ ಇಟ್ಟಿದ್ದರು. ಮಗ ಇನ್ನೂ ಸಾಲಿಗೆ ಹೋಗುವ ಹುಡುಗ. ಹುಬ್ಬಿ ಕೈಕೊಟ್ಟಿತ್ತು, ಉತ್ತರಿ ಅಲ್ಲಲ್ಲಿ ಹನಿಸಿ ಹೋಗಿತ್ತು, ಹಸ್ತದ ಮಳೆ ಚೆನ್ನಾಗಿ ಬಿತ್ತು. ಊರೆಲ್ಲ ಬಿತ್ತಿಗೆಗೆ ಬಿದ್ದಿದೆ ಎಂದು ದವಾಖಾನೆಗೆ ನೋಡಲು ಬಂದವರು ಹೇಳಿದರು. ಆಯಿ ಕಿಟಕಿಯಿಂದ ಮುಗಿಲು ನೋಡುತ್ತ ಹದ ಎಷ್ಟು ದಿನ ಉಳಿದೀತೆಂದು ಎಣಿಸುತ್ತಿದ್ದರಂತೆ. ಗಂಡನನ್ನು ಬಿಟ್ಟು ಬರುವಂತಿಲ್ಲ, ಹೊಲ ಬೀಳು ಬಿಟ್ಟರೆ ಮುಂದಿನ ವರ್ಷ ರೊಟ್ಟಿಗೆ ಜೋಳವಿಲ್ಲ, ಎತ್ತಿಗೆ ಕಣಕಿಯಿಲ್ಲ. ಆರನೆಯ ದಿನ ಸಂಜೆ ಬಸ್ಸಿಗೆ ಬಂದು, ಮನೆಗೂ ಹೋಗದೆ ನೇರ ಹೊಲಕ್ಕೆ ನಡೆದರು. ಹೊಲ ಬಿತ್ತಿ ಮುಗಿದಿತ್ತು. ಕುಂಟೆ ಹೊಡೆದು ಸಾಲು ಮುಚ್ಚಿತ್ತು. ನಾಲ್ಕೂ ಎಕರೆ.

"ಯಾರು ಬಿತ್ತಿದ್ರು ಆಯಿ?"

"ಅದನ್ನ ಯಾರು ಹೇಳತಾರು? ಓಣ್ಯಾಗ ಎಲ್ಲಾರೂ, ಅವರು ಹೆಂಗದಾರು, ಉಂಡ್ರೇನು ಅಂತ ಕೇಳಿದ್ರು. ಹೊಲದ ಮಾತು ಒಬ್ರೂ ಎತ್ತಲಿಲ್ಲ."

"ನೀವು ಕೇಳಲಿಲ್ಲೇನು?"

"ಕೇಳಬಾರದು ತಮ್ಮಾ. ಕೇಳಿದ್ರ ಕಿಮ್ಮತ್ತು ಕಟ್ಟಿದಂಗ ಆಕ್ಕೈತಿ."

ಆದರೆ ಹೊಲ ಹೇಳಿತು. ವಾರದೊಳಗೆ ಮೊಳಕೆ ಎದ್ದವು. ಆಯಿ ಬದುವಿನ ಮೇಲೆ ಕೂತು ಸಾಲು ಓದಿದರು. ಮೇಲಿನ ಎಕರೆಯಲ್ಲಿ ಬನ್ನಿಗಿಡದ ಹತ್ತಿರ ಮೂರೂ ಸಾಲು ಒಂದು ಗೇಣು ಡೊಂಕು. ಎಡಗಡೆಯ ಎತ್ತು ನೆರಳು ಕಂಡರೆ ಅತ್ತ ಎಳೆಯುತ್ತದೆ, ಆ ಎತ್ತು ಯಾರ ಮನೆಯದೆಂದು ಗೊತ್ತು. ಆ ಮನೆಯ ಸೊಸೆ ತಿರುವಿನಲ್ಲಿ ಮಾತಿಗೆ ನಿಲ್ಲುವವಳು. ಅದಕ್ಕೇ ಬದುವಿನ ಹತ್ತಿರ ಸಸಿ ದಟ್ಟ, ಎತ್ತು ನಿಂತರೂ ಬೆರಳು ನಿಂತಿರಲಿಲ್ಲ. ಎರಡನೆಯ ಎಕರೆಯಲ್ಲಿ ಹತ್ತಾರು ಹೆಜ್ಜೆಗೊಮ್ಮೆ ಮೊಳದಷ್ಟು ಬಯಲು. ಮುಷ್ಟಿ ಬರಿದಾಗಿ ಉಡಿಯಿಂದ ತುಂಬಿಕೊಳ್ಳುವಾಗ ಬಿಟ್ಟ ಸಂದು ಅದು. ವಯಸ್ಸಾದ ಕೈ, ಎದುರು ಮನೆಯ ದೊಡ್ಡವ್ವನದು. ಮೂರನೆಯದರಲ್ಲಿ ಮೂರು ಸಾಲಿನಲ್ಲಿ ಒಂದು ಸಾಲು ಯಾವಾಗಲೂ ದಟ್ಟ. ಎಡಗೈಯಿಂದ ಬಿತ್ತುವವಳು ಊರಲ್ಲಿ ಒಬ್ಬಳೇ ಇದ್ದಳು. ಅವಳ ಮನೆಯವರಿಗೂ ಆಯಿಯ ಮನೆಗೂ ಬದುವಿನ ಜಗಳವಾಗಿ ಆಗ ಎರಡು ವರ್ಷದಿಂದ ಮಾತಿರಲಿಲ್ಲ.

ಇಲ್ಲಿಗೆ ಬಂದಾಗ ಆಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

ನಾಲ್ಕನೆಯ ಎಕರೆಯಲ್ಲಿ ಏನೂ ಗುರುತಿರಲಿಲ್ಲ. ಸಾಲು ನೇರ. ತಿರುವಿನಲ್ಲಿ ದಟ್ಟವಿಲ್ಲ, ನಡುವೆ ಬಯಲಿಲ್ಲ, ಮೂರೂ ಸಾಲು ಸಮ. ಹೆಜ್ಜೆ ಹಾಕಿ ಎಣಿಸಿದರು, ಎಲ್ಲಿ ಎಣಿಸಿದರೂ ಅಷ್ಟೇ ಸಸಿ. "ನನ್ನ ಕೈ ಅಷ್ಟ ಚಲೋ ಇರಲಿಲ್ಲ. ನಮ್ಮತ್ತಿ ಕೈ ಹಂಗಿತ್ತು, ಆಕಿ ತೀರಿ ಆಗಲೇ ಐದು ವರ್ಷ ಆಗಿತ್ತು." ಊರ ತುಂಬ ಹೊಲಗಳನ್ನು ನೋಡುತ್ತ ತಿರುಗಿದರು. ಅಂಥ ಸಾಲು ಇನ್ನೆಲ್ಲೂ ಕಾಣಲಿಲ್ಲ. ಯಾರದೋ ಮನೆಗೆ ಬಂದಿದ್ದ ಬೀಗರವಳೋ, ಪರವೂರಿನಿಂದ ಕೂಲಿಗೆ ಬಂದವಳೋ, ಇವತ್ತಿಗೂ ತಿಳಿದಿಲ್ಲ.

ಆ ವರ್ಷವೇ ಮೂರು ಕೈಗಳ ಮುಯ್ಯಿ ತೀರಿತು. ಎಡಗೈಯವಳ ಹೊಲಕ್ಕೆ ಕಡಲೆ ಬಿತ್ತುವ ದಿನ ಆಯಿ ಯಾರೂ ಕರೆಯದೆ ಹೋಗಿ ಬಟ್ಟಲಿನ ಮೇಲೆ ಮುಷ್ಟಿ ಹಿಡಿದು ನಿಂತರು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಬಿತ್ತುವಾಗ ಹೇಗೂ ಮಾತಾಡಬಾರದಲ್ಲ. ಸಂಜೆ ಅವಳು ಆಯಿಯ ಉಡಿಗೆ ಉಳಿದ ಕಡಲೆ ಹಾಕಿ ಕಳಿಸಿದಳು. ಜಗಳ ಅಲ್ಲಿಗೆ ಹರಿಯಿತು.

ನಾಲ್ಕನೆಯದು ಉಳಿಯಿತು. "ಯಾರದಂತ ಗೊತ್ತಿಲ್ಲಂದ ಮ್ಯಾಲೆ ಎಲ್ಲಾರಿಗೂ ತೀರಿಸಬೇಕಾತಲ್ಲ ತಮ್ಮಾ," ಎಂದರು ಆಯಿ. ಅಂದಿನಿಂದ ಯಾರು ಕರೆದರೂ ಇಲ್ಲವೆಂದದ್ದಿಲ್ಲ. ಕೂಲಿ ಕೇಳಿದ್ದಿಲ್ಲ, ಮರಳಿ ಯಾರಾದರೂ ಬಂದರೇ ಎಂದು ನೋಡಿದ್ದಿಲ್ಲ. ಊರಲ್ಲಿ ಆಯಿಯ ಕೈಗುಣ ದೊಡ್ಡದೆನ್ನುತ್ತಾರೆ. ಎಷ್ಟೋ ಮನೆಯವರು ಕೂರಿಗೆಗೆ ಸುಣ್ಣ–ಕೆಮ್ಮಣ್ಣು ಬಳಿದು, ಪೂಜೆ ಮಾಡಿ, ಮೊದಲ ಮುಷ್ಟಿಗೆ ಆಯಿಯನ್ನೇ ಕರೆಯುತ್ತಾರೆ. ಅವರ ಪಾಲಿಗೆ ಅದು ಶುಭಶಕುನ, ಆಯಿಯ ಪಾಲಿಗೆ ಸಾಲ.

ಎರಡನೆಯ ಸಲ ನಾನು ಹೋದದ್ದು ಶೀಗಿ ಹುಣ್ಣಿಮೆಯ ದಿನ. ಭೂಮಿತಾಯಿ ಬಸುರಿ ಎಂದು ಆಕೆಗೆ ಬಯಕೆಯ ಊಟ ಒಯ್ಯುವ ಹಬ್ಬ. ಹಿಂದಿನ ರಾತ್ರಿಯೆಲ್ಲ ಮನೆಗಳಲ್ಲಿ ಒಲೆ ಆರಿರಲಿಲ್ಲ. ಹೋಳಿಗೆ, ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಬದನೆಯ ಎಣ್ಣೆಗಾಯಿ, ಮೊಸರಬುತ್ತಿ ಎಲ್ಲ ಬುಟ್ಟಿ ತುಂಬಿ ಚಕ್ಕಡಿ ಏರಿದವು. ಕೆಲವರು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬಂದರು, ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವವರು ಬೈಕಿನಲ್ಲಿ. ಹೊಲದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದರು. ಹಕ್ಕಿಗೆ, ಇರುವೆಗೆ, ಹೊಲ ಕಾಯುವ ದೈವಕ್ಕೆ ಮೊದಲು, ಮನುಷ್ಯರಿಗೆ ಆಮೇಲೆ. ದಾರಿಯಲ್ಲಿ ಹೋಗುವವರನ್ನು ಬದುವಿನ ಮೇಲಿಂದ ಕೂಗಿ ಕರೆದರು. ಕುರಿ ಹೊಡೆದುಕೊಂಡು ಹೊರಟಿದ್ದ ಇಬ್ಬರು ಕುರುಬರು, ರಸ್ತೆ ಕೆಲಸಕ್ಕೆ ಬಂದಿದ್ದ ಪರನಾಡಿನ ನಾಲ್ಕು ಹುಡುಗರು, ನಾನು. ಹುಡುಗರಿಗೆ ಕನ್ನಡ ಬಾರದು, ಆಯಿಗೆ ಕನ್ನಡ ಬಿಟ್ಟು ಬೇರೆ ಬಾರದು. ಮೂರನೆಯ ಹೋಳಿಗೆ ಬೇಡವೆಂದು ಅವರು ಎಲೆಗೆ ಕೈ ಅಡ್ಡ ಹಿಡಿದಾಗ ಆಯಿ ಆ ಕೈಯ ಮೇಲೆಯೇ ತುಪ್ಪ ಸುರಿಯಲು ಹೊರಟರು, ಕೈ ಸರಿಯಿತು.

ಊಟದ ನಂತರ ಆಯಿಯ ಮಗನ ಜೊತೆ ಕೂತೆ. ಈಗ ನಡುವಯಸ್ಸಿನವರು, ತಾಯಿಯ ಮುಂದೆ ಕೂರಿಗೆ ಹೊಡೆಯುವವರು ಅವರೇ. ಅವರ ಮಾತು ನೇರವಾಗಿತ್ತು. ಮುಂಗಾರಿಯಲ್ಲಿ ಊರಿನ ಬಹುಪಾಲು ಹೊಲ ಈಗ ಟ್ರ್ಯಾಕ್ಟರ್ ಕೂರಿಗೆಯಿಂದಲೇ ಬಿತ್ತುವುದು. ಬೀಜ–ಗೊಬ್ಬರ ಕೂಡಿಯೇ ಬೀಳುತ್ತದೆ, ತಾಸಿನ ಬಾಡಿಗೆ ಕೊಟ್ಟರೆ ಮುಗಿಯಿತು. ಸೋಯಾ, ಗೋವಿನಜೋಳ ಬಂದ ಮೇಲೆ ಬಿಳಿಜೋಳ ಬಿತ್ತುವವರು ಕಡಿಮೆ. ಜೋಳ ಕಡಿಮೆಯಾದರೆ ಕಣಕಿ ಕಡಿಮೆ, ಕಣಕಿ ಇಲ್ಲದೆ ಎತ್ತು ಕಟ್ಟುವುದು ಹೇಗೆ? ಎತ್ತು ಹೋದ ಮನೆಗೆ ಮುಯ್ಯಿ ಹೇಗೆ? "ಟ್ರ್ಯಾಕ್ಟರಿಗೆ ಬೈದು ಉಪಯೋಗಿಲ್ರಿ. ನಮ್ಮವ್ವನಂಥಾ ಮುದುಕ್ರು ಒಬ್ರೇ ಇದ್ದ ಮನಿಗೆ ಅದು ಬಂದದ್ದು ಚಲೋನ ಆತು. ಆದ್ರ ಈಗ ಯಾರ ಹೊಲಕ್ಕೂ ಯಾರೂ ಹೋಗೂದು ಉಳಿದಿಲ್ಲ." ಅವರ ಹೆಂಡತಿಗೆ ಅಂಗನವಾಡಿಯಲ್ಲಿ ಕೆಲಸ, ಮಗಳು ಧಾರವಾಡದಲ್ಲಿ ಕಾಲೇಜು. ತಾಟು ಬೋರಲು ಹಾಕಿ ಮುಷ್ಟಿ ಕಲಿಯುವವರು ಆ ಮನೆಯಲ್ಲಿ ಯಾರೂ ಇಲ್ಲ. ಎತ್ತುಗಳನ್ನು ಅವರು ಇನ್ನೂ ಇಟ್ಟುಕೊಂಡಿರುವುದಕ್ಕೆ ಅರ್ಧ ಕಾರಣ ತಾಯಿ, ಇನ್ನರ್ಧ ಉಳವಿ ಜಾತ್ರೆ. ಭಾರತ ಹುಣ್ಣಿಮೆಗೆ ಚಕ್ಕಡಿ ಹೂಡಿ ಚನ್ನಬಸವಣ್ಣನ ತೇರಿಗೆ ಹೋಗುವುದನ್ನು ಈ ಭಾಗದವರು ಬಿಡಲಾರರು.

ಬಡಿಗೇರರು ಕೂರಿಗೆ ಮಾಡಿ ಎಷ್ಟೋ ವರ್ಷವಾಯಿತು. ಈಗ ಚೌಕಟ್ಟು, ಕಿಟಕಿ ಮಾಡುತ್ತಾರೆ.

ಈ ಭಾಗದ ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆ ಇದೆ, ಖಾಲಿ ಗಾಡಾ ಓಡಿಸುವ ಸ್ಪರ್ಧೆ ಇದೆ, ಗೆದ್ದ ಎತ್ತಿಗೆ ಗುಲಾಲು, ಒಡೆಯನಿಗೆ ಬಹುಮಾನ. ಧಾರವಾಡದ ಕೃಷಿಮೇಳದಲ್ಲಿ ಪ್ರತಿ ವರ್ಷ ಲಕ್ಷಗಟ್ಟಲೆ ಜನ ಹೊಸ ಯಂತ್ರಗಳ ಮುಂದೆ ನಿಲ್ಲುತ್ತಾರೆ. ಅಲ್ಲೇ ಒಂದು ಮೂಲೆಯಲ್ಲಿ ಹತ್ತು ಗುಂಟೆ ಎರಿಭೂಮಿ ಹದ ಮಾಡಿಟ್ಟು, ಬಿತ್ತುವ ಹೆಣ್ಣುಮಕ್ಕಳನ್ನು ಕರೆದು, ಒಬ್ಬೊಬ್ಬರಿಗೆ ಮೂರು ಸಾಲು ಕೊಟ್ಟು ನೋಡಬಾರದೇಕೆ? ಮೊಳಕೆ ಎಣಿಸಿ ಗೆದ್ದವರನ್ನು ಸಾರಲಿ. ಆ ಮುಷ್ಟಿಯ ಹಿಡಿತವನ್ನು ಯಾರಾದರೂ ವಿಡಿಯೋದಲ್ಲಾದರೂ ಹಿಡಿದಿಡಲಿ. ಉಪ್ಪಿನಬೆಟಗೇರಿಯಲ್ಲಷ್ಟೇ ಅಲ್ಲ, ಧಾರವಾಡ, ಗದಗ, ಬೆಳಗಾವಿ, ವಿಜಯಪುರದ ಎರಿಸೀಮೆಯ ಊರೂರಲ್ಲೂ ಇಂಥ ಕೈಗಳು ಇನ್ನೂ ಕೆಲವು ಇವೆ. ಅವೆಲ್ಲ ಎಪ್ಪತ್ತರ ಹತ್ತಿರ ಬಂದಿವೆ.

ಸಂಜೆ ಬಿಸಿಲು ಇಳಿಯುವಾಗ ಆಯಿ ತಮ್ಮ ಹೊಲ ತೋರಿಸಲು ಕರೆದರು. ಹದಿನೈದು ದಿನದ ಜೋಳ, ಗೇಣೆತ್ತರ ಎದ್ದು ನಿಂತಿತ್ತು. ಒಂದು ಕಡೆ ಮಾತ್ರ ಸಸಿ ತೆಳುವಾಗಿದ್ದವು. ಆಯಿ ಅಲ್ಲಿ ನಿಂತು ತಮ್ಮ ಬಲಗೈಯನ್ನು ಒಮ್ಮೆ ಬಿಚ್ಚಿ ಮುಚ್ಚಿದರು. "ಈಗೀಗ ಬೆರಳ ಜೋಮ ಹಿಡಿತಾವು. ನೋಡು, ಇಲ್ಲೆ ಕಾಣತೈತಿ."

ಬದುವಿನಾಚೆ ಪಕ್ಕದವರ ಹೊಲ. ಟ್ರ್ಯಾಕ್ಟರ್ ಬಿತ್ತಿದ್ದು. ಸಾಲು ನೂಲು ಹಿಡಿದ ಹಾಗೆ ನೇರ, ಎಲ್ಲೂ ದಟ್ಟವಿಲ್ಲ, ಎಲ್ಲೂ ಬಯಲಿಲ್ಲ. ಆಯಿ ಬದು ಹತ್ತಿ ಬಹಳ ಹೊತ್ತು ನೋಡಿದರು.

"ಚಲೋ ಬಿದ್ದೈತಿ. ಅವತ್ತಿನ ನಾಕನೇ ಕೈ ಹಂಗ."

ಇನ್ನೇನಾದರೂ ಹೇಳುತ್ತಾರೆಂದು ಕಾದೆ. ಅವರು ಬಗ್ಗಿ ಬದುವಿನ ಮೇಲಿದ್ದ ಕರಿಕೆಯ ಬೇರೊಂದನ್ನು ಕಿತ್ತು ಆಚೆ ಎಸೆದರು. ಬಸ್ಸಿನ ಹೊತ್ತಾಗಿತ್ತು. "ತೆನಿ ಹಾಲದುಂಬಿದಾಗ ಸೀತನಿ ತಿನ್ನಾಕ ಬಾ ತಮ್ಮಾ, ಸಂಕ್ರಾಂತಿ ಮುಂದ. ಮನಿ ಮಂದೀನೂ ಕರಕೊಂಡ ಬಾ," ಎಂದು, ನನ್ನ ಕರವಸ್ತ್ರ ಇಸಿದುಕೊಂಡು ಅದರಲ್ಲಿ ಬಿತ್ತಿ ಉಳಿದಿದ್ದ ಮಾಲದಂಡಿಯ ಒಂದು ಮುಷ್ಟಿ ಕಟ್ಟಿಕೊಟ್ಟರು. ರಸ್ತೆಗೆ ಬಂದು ತಿರುಗಿ ನೋಡಿದೆ. ಹುಣ್ಣಿಮೆಯ ಚಂದ್ರ ಎರಿಯ ಮೇಲೆ ಎದ್ದಿದ್ದ. ಆಯಿ ಇನ್ನೂ ಬದುವಿನ ಮೇಲೆಯೇ ಇದ್ದರು, ಪಕ್ಕದ ಹೊಲದ ಸಾಲಿನ ಕಡೆ ಮುಖ ಮಾಡಿ.